ನಮ್ಮ ಜಾತ್ರೆಗೂ ಒಂದು ಸೈಕಲ್ ಓಟ ಬೇಕು

ಜುಲೈ ತಿಂಗಳು ಬಂತೆಂದರೆ ನಮ್ಮ ಕಾಲೇಜಿನ ನಾಲ್ಕೈದು ಜನ ಸಂಜೆ ಹೊತ್ತು ಯಾರ ಕೈಗೂ ಸಿಗುವುದಿಲ್ಲ. ಮೊಬೈಲ್ ಹಿಡಿದು ಟೂರ್ ಡಿ ಫ್ರಾನ್ಸ್ ನೋಡುತ್ತಿರುತ್ತೇವೆ. ಆ ಗುಂಪಿನಲ್ಲಿ ನಾನೂ ಒಬ್ಬ. "ಅಲ್ಲೋ, ಮಂದಿ ಸೈಕಲ್ ಹೊಡೆಯೋದನ್ನ ಏನ್ ನೋಡ್ತೀರೋ? ನೀವೂ ದಿನಾ ಅದನ್ನ ಹೊಡ್ಕೊಂಡೇ ಬರ್ತೀರಲ್ಲ?" ಎಂದು ಗೆಳೆಯರು ನಗುತ್ತಾರೆ. ಅವರು ನಗುತ್ತಾ ಕೇಳಿದ ಈ ಮಾತಿಗೆ ಗಂಭೀರವಾಗಿಯೇ ಉತ್ತರ ಕೊಡಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಆಟದ ಬಗ್ಗೆ ಎರಡು ಮಾತು. ಫ್ರಾನ್ಸಿನ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ತಾಸು ಹಿಂದಿರುತ್ತದೆ. ಅಲ್ಲಿ ಮಧ್ಯಾಹ್ನ ಹೊರಟ ಓಟ ನಾವು ಮನೆ ಸೇರುವ ಹೊತ್ತಿಗೆ ಕಾವೇರುತ್ತದೆ. ಮಗ್ರಿಬ್ ನಮಾಜ್ ಮುಗಿಸಿ ಬಂದರೆ ಕೊನೆಯ ಗುಡ್ಡದ ಏರು ಹತ್ತಿರ ಬಂದಿರುತ್ತದೆ. ರಾತ್ರಿ ಒಂಬತ್ತರ ಸುಮಾರಿಗೆ ಎಲ್ಲ ಮುಗಿದಿರುತ್ತದೆ. ಓದುವ ಹುಡುಗರಿಗೆ ಇದಕ್ಕಿಂತ ಅನುಕೂಲದ ಆಟ ಇನ್ನೊಂದಿಲ್ಲ ಎಂದು ಮನೆಯಲ್ಲಿ ವಾದಿಸಿ ನೋಡಿದ್ದೇನೆ, ಅಮ್ಮಿ ಒಪ್ಪಿಲ್ಲ.

23 ದಿನಗಳಲ್ಲಿ 21 ಹಂತ, ಒಟ್ಟು ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ. ಒಂದು ತಂಡಕ್ಕೆ ಎಂಟು ಜನ. ಎಂಟರಲ್ಲಿ ಏಳು ಜನ ಗೆಲ್ಲಬೇಕೆಂದು ಬಂದವರೇ ಅಲ್ಲ. ನಾಯಕನಿಗೆ ನೀರಿನ ಬಾಟಲಿ ತಂದುಕೊಡುವುದು, ಅವನ ಚಕ್ರ ಪಂಕ್ಚರ್ ಆದರೆ ತಮ್ಮ ಚಕ್ರ ಬಿಚ್ಚಿಕೊಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಅವನ ಮುಂದೆ ನಿಂತು ಗಾಳಿ ಒಡೆಯುವುದು ಅವರ ಕೆಲಸ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಹಿಂದಿನವನಿಗೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಸೈಕಲ್ ಬಿಟ್ಟವರಿಗೆಲ್ಲ ಗೊತ್ತು. (ಬಿಡಬೇಡಿ. ಟ್ರೇಲರಿಗೆ ಹಿಂದಿನ ದೀಪವೂ ಇರುವುದಿಲ್ಲ, ಬ್ರೇಕ್ ಯಾವಾಗ ಹಾಕುತ್ತಾರೋ ಅದೂ ಗೊತ್ತಾಗುವುದಿಲ್ಲ.) ಆಷಾಢದಲ್ಲಿ ಸವದತ್ತಿಯಿಂದ ರಾಮದುರ್ಗದ ಕಡೆಗೆ ಎರೆಹೊಲಗಳ ನಡುವೆ ಅಡ್ಡಗಾಳಿಗೆ ಸಿಕ್ಕು ಸೈಕಲ್ ಹೊಡೆದವನಿಗೆ, ಫ್ರಾನ್ಸಿನ ಬಯಲಿನಲ್ಲಿ ಸವಾರರು ರಸ್ತೆಗೆ ಓರೆಯಾಗಿ ಯಾಕೆ ಸಾಲುಗಟ್ಟುತ್ತಾರೆ ಎಂಬುದು ವಿವರಣೆ ಇಲ್ಲದೆಯೇ ತಿಳಿಯುತ್ತದೆ. ಸಾಲಿನಲ್ಲಿ ಜಾಗ ಸಿಗದವನು ರಸ್ತೆ ಅಂಚಿನ ಗಟಾರದ ಪಾಲು.

ಇಷ್ಟೆಲ್ಲ ಬಲ್ಲ ನಾವು ಏಳು ಸಾವಿರ ಕಿಲೋಮೀಟರ್ ದೂರದ ಓಟವನ್ನು ಬರೀ ನೋಡುತ್ತಲೇ ಇರಬೇಕೇ? ಇಂದಿನವರೆಗೆ ಒಬ್ಬ ಭಾರತೀಯನೂ ಟೂರ್ ಡಿ ಫ್ರಾನ್ಸ್‌ನಲ್ಲಿ ಓಡಿಲ್ಲ. ಹಾಗಾಗಿ ನಮಗೆ "ನಮ್ಮವ" ಎಂದು ಕೂಗಲು ಯಾರೂ ಇಲ್ಲ. ನಾನು ಎರಿಟ್ರಿಯಾದ ಬಿನಿಯಂ ಗಿರ್ಮಾಯ್‌ಗೆ ಕೂಗುತ್ತೇನೆ. ನನ್ನ ಗೆಳೆಯ ಇಂಗ್ಲೆಂಡಿನವರಿಗೆ ಕೂಗುತ್ತಾನೆ, ಅವರ ಹೆಸರು ಉಚ್ಚರಿಸಲು ಸುಲಭ ಎಂಬ ಒಂದೇ ಕಾರಣಕ್ಕೆ!

ಈ ಇಂಗ್ಲೆಂಡಿನವರ ಕತೆ ಕೇಳುವಂಥದ್ದು. ಇಂದು ಸೈಕ್ಲಿಂಗ್‌ನಲ್ಲಿ ಬ್ರಿಟನ್ ದೊಡ್ಡ ಹೆಸರು. ಆದರೆ ಟೂರ್ 1903ರಲ್ಲಿ ಶುರುವಾದಾಗಿನಿಂದ ಎಷ್ಟೋ ದಶಕ ಅವರೂ ನಮ್ಮ ಹಾಗೆ ದಡದಲ್ಲಿ ನಿಂತು ನೋಡುವವರೇ ಆಗಿದ್ದರು. ಕಾರಣ ಮನೆಯೊಳಗೇ ಇತ್ತು. ಸಾರ್ವಜನಿಕ ರಸ್ತೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಡುವ ಓಟವನ್ನು ಅಲ್ಲಿನ ಸೈಕಲ್ ಸಂಘವೇ ನಿಷೇಧಿಸಿತ್ತು. ಓಟದಿಂದ ತೊಂದರೆಯಾಗಿ ಸರ್ಕಾರ ಸೈಕಲನ್ನೇ ರಸ್ತೆಯಿಂದ ಹೊರಗೆ ಹಾಕಬಹುದೆಂಬ ಭಯ. 1942ರ ಜೂನ್ 7ರಂದು, ಯುದ್ಧದ ನಡುವೆ, ಪರ್ಸಿ ಸ್ಟಾಲರ್ಡ್ ಎಂಬಾತ ಲ್ಯಾಂಗೊಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ 59 ಮೈಲಿಯ ಓಟ ಏರ್ಪಡಿಸಿದ. ಪೊಲೀಸರು ಸಹಕರಿಸಿದರು. ಜನ ರಸ್ತೆ ಬದಿ ನಿಂತು ನೋಡಿದರು. ಸಂಘ ಮಾತ್ರ ಅವನನ್ನು ಹೊರಗೆ ಹಾಕಿತು. ಅವನೂ ಅವನ ಜೊತೆಗಾರರೂ ಅದೇ ವರ್ಷ ಬೇರೆ ಸಂಘ ಕಟ್ಟಿಕೊಂಡರು. ಹದಿನಾರು ವರ್ಷಗಳ ಬಳಿಕ, 1958ರಲ್ಲಿ, ಬ್ರಯಾನ್ ರಾಬಿನ್ಸನ್ ಟೂರ್‌ನ ಒಂದು ಹಂತ ಗೆದ್ದ ಮೊದಲ ಬ್ರಿಟಿಷನಾದ. 1962ರಲ್ಲಿ ಟಾಮ್ ಸಿಂಪ್ಸನ್ ಹಳದಿ ಜೆರ್ಸಿ ತೊಟ್ಟ. ಇಡೀ ಟೂರ್ ಗೆಲ್ಲಲು ಬ್ರಾಡ್ಲಿ ವಿಗ್ಗಿನ್ಸ್ ಬರಬೇಕಾಯಿತು, ಅದು 2012ರಲ್ಲಿ. ಇದೆಲ್ಲ ಟಿವಿ ಮುಂದೆ ಕುಳಿತು ಚಪ್ಪಾಳೆ ತಟ್ಟಿದ್ದರಿಂದ ಆದದ್ದಲ್ಲ. ಊರಿನ ರಸ್ತೆ ಮೇಲೆ ಓಟ ಬಂದ ಮೇಲೆ ಆದದ್ದು.

ಬೆಲ್ಜಿಯಂ ಇನ್ನೂ ಹತ್ತಿರದ ಉದಾಹರಣೆ. ನಮ್ಮ ಅರ್ಧ ಕರ್ನಾಟಕದಷ್ಟೂ ಇಲ್ಲದ ಆ ದೇಶದವರು ಟೂರ್ ಅನ್ನು 18 ಬಾರಿ ಗೆದ್ದಿದ್ದಾರೆ. ಅದರಲ್ಲಿ ಐದು ಎಡ್ಡಿ ಮರ್ಕ್ಸ್ ಒಬ್ಬನದೇ. ಅಲ್ಲಿನ ಹುಡುಗರು ಓಟ ಕಲಿಯುವುದು ಕರ್ಮೆಸ್ ಎಂಬ ಓಟಗಳಲ್ಲಿ. ಕರ್ಮೆಸ್ ಎಂದರೆ ಬೇರೆ ಏನೂ ಅಲ್ಲ, ಊರ ಜಾತ್ರೆ! ಜಾತ್ರೆಯ ದಿನ ಊರ ಸುತ್ತಲಿನ ಕೆಲವು ಕಿಲೋಮೀಟರ್ ರಸ್ತೆಯನ್ನು ಬಂದ್ ಮಾಡಿ, ಅದನ್ನೇ ಹತ್ತು ಹದಿನೈದು ಸುತ್ತು ಹಾಕಿಸುತ್ತಾರೆ. ಅಂಗಡಿಯವರು ಬಹುಮಾನ ಕೊಡುತ್ತಾರೆ. ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆಗಿದ್ದ ಬೆಂಗಳೂರಿನ ನವೀನ್ ಜಾನ್ ಕೂಡ ಓಟದ ಪಟ್ಟು ಕಲಿಯಲು ಈ ಬೆಲ್ಜಿಯಂ ಓಟಗಳಿಗೆ ಹೋಗಿ ಬಂದವರು.

ಇಂಥ ಓಟ ನಮಗೆ ಹೊಸದೇ? ರಾಮದುರ್ಗ ದಾಟಿ ಲೋಕಾಪುರದ ಕಡೆ ಹೋದರೆ ಬಾಗಲಕೋಟೆ ಜಿಲ್ಲೆ. ಅದರಾಚೆ ವಿಜಯಪುರ. ಕರ್ನಾಟಕದ ಸೈಕ್ಲಿಂಗ್ ಎಂದರೆ ಈ ಎರಡು ಜಿಲ್ಲೆ ಎನ್ನುವಷ್ಟು ಹೆಸರು. ಅಲ್ಲಿನ ಜಾತ್ರೆಗಳಲ್ಲಿ ಬಂಡಿ ಓಟದ ಜೊತೆಗೇ ಸೈಕಲ್ ಓಟ ಇಡುತ್ತಾರೆ. ಕ್ರೀಡಾ ಇಲಾಖೆಯ ಸೈಕ್ಲಿಂಗ್ ಹಾಸ್ಟೆಲ್ ಇದೆ. ಅಲ್ಲಿಂದ ಬಂದವರಿಗೆ ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೌಕರಿ ಸಿಕ್ಕಿದೆ. ಮೇಘಾ ಗೂಗಾಡ ಅವರಂಥ ರಾಷ್ಟ್ರೀಯ ಪದಕ ವಿಜೇತೆ ಬಾಗಲಕೋಟೆ ಕಡೆಯ ಹಳ್ಳಿಯಿಂದ ಬಂದವರು. ಅವರಿಗೂ ನಮಗೂ ಒಂದೇ ಎರೆಮಣ್ಣು, ಒಂದೇ ಬಿಸಿಲು, ಒಂದೇ ಜೋಳದ ರೊಟ್ಟಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕಿನವರು ಕುಸ್ತಿಗೆ ಎಷ್ಟು ದೂರ ಬೇಕಾದರೂ ಹೋಗುತ್ತೇವೆ. ಸೈಕಲ್ ಮಾತ್ರ ಕಾಲೇಜಿಗೆ, ಹೊಲಕ್ಕೆ, ಹಾಲಿನ ಡೇರಿಗೆ.

ಅದೂ ಈಗ ಕಡಿಮೆಯಾಗುತ್ತಿದೆ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿತ್ತು. ನಮ್ಮ ಅಕ್ಕಂದಿರು ಅದರಲ್ಲೇ ಹೈಸ್ಕೂಲಿಗೆ ಹೋದವರು. ಕೋವಿಡ್ ಬಂದಾಗ ಅದು ನಿಂತಿತು. ನಮ್ಮ ಬ್ಯಾಚಿನ ಬಹಳಷ್ಟು ಹುಡುಗಿಯರಿಗೆ ಸೈಕಲ್ ಹೊಡೆಯಲಿಕ್ಕೇ ಬರುವುದಿಲ್ಲ ಎಂದು ಈಚೆಗೆ ಕೇಳಿ ನನಗೆ ಆಶ್ಚರ್ಯವಾಯಿತು. ಬಸ್ ಉಚಿತ, ಒಳ್ಳೆಯದೇ. ಆದರೆ ತಾನೇ ಹೊರಟು ತಾನೇ ತಲುಪುವ ರೂಢಿ ಬಸ್ಸಿನಿಂದ ಬರುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇದು. ನಾಲ್ಕು ತಾಲ್ಲೂಕು ಸುತ್ತುವ ದೊಡ್ಡ ಓಟ ಈಗಲೇ ಬೇಡ. ಅಷ್ಟು ರಸ್ತೆ ಬಂದ್ ಮಾಡಲು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕರ್ಮೆಸ್ ಮಾದರಿಯಲ್ಲಿ ಐದಾರು ಕಿಲೋಮೀಟರಿನ ಒಂದು ಸುತ್ತು ಸಾಕು. ಭಾನುವಾರ ಬೆಳಿಗ್ಗೆ ಆರರಿಂದ ಎಂಟು. ಒಂದು ವಾರ ಇಲ್ಲಿ, ಇನ್ನೊಂದು ವಾರ ಕಿತ್ತೂರಿನಲ್ಲಿ, ಮತ್ತೊಂದು ವಾರ ರಾಮದುರ್ಗದಲ್ಲಿ. ಕೊನೆಯದು ಸವದತ್ತಿಯಲ್ಲಿ, ಯಲ್ಲಮ್ಮನ ಗುಡ್ಡದ ಏರಿನ ಮೇಲೆ ಮುಗಿಯಲಿ. ನಾಲ್ಕರ ಅಂಕ ಕೂಡಿಸಿ ಗೆದ್ದವರಿಗೆ ಒಂದು ಜೆರ್ಸಿ. ಟೂರ್‌ನ ಜೆರ್ಸಿ ಹಳದಿಯಾದದ್ದು 1919ರಲ್ಲಿ. ಓಟ ನಡೆಸುತ್ತಿದ್ದ ಲೋಟೊ ಪತ್ರಿಕೆಯನ್ನು ಹಳದಿ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು. ಪತ್ರಿಕೆ ಮಾರಾಟ ಹೆಚ್ಚಿಸಲಿಕ್ಕೇ ಹುಟ್ಟಿದ ಓಟ ಅದು. ನಮ್ಮ ವಾರ್ತಾಪತ್ರದ ಕಾಗದ ಬಿಳಿ, ಜೆರ್ಸಿ ಬೇಗ ಮಾಸುತ್ತದೆ. ಬಣ್ಣವನ್ನು ಸಂಪಾದಕರಿಗೆ ಬಿಡುತ್ತೇನೆ.

ಸೈಕಲ್ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬರುತ್ತದೆ. ಓಟಕ್ಕೆಂದೇ ಮಾಡಿದ ಸಾಧಾರಣ ಸೈಕಲ್ಲಿಗೂ ಮೂವತ್ತು ನಲವತ್ತು ಸಾವಿರ ಬೇಕು. ಅದಕ್ಕಾಗಿ ಸಾದಾ ಸೈಕಲ್ಲಿನ ವಿಭಾಗವೇ ಮುಖ್ಯ ವಿಭಾಗವಾಗಲಿ. ಮನೆಯ ಮೂಲೆಯಲ್ಲಿ ಧೂಳು ಹಿಡಿದಿರುವ ಅಕ್ಕನ ಸರ್ಕಾರಿ ಸೈಕಲ್ ಹೊರಗೆ ತೆಗೆಯಿರಿ. ಚೈನಿಗೆ ಎಣ್ಣೆ ಬಿಡಿಸಿ, ಚಕ್ರದ ಔಟ್ ತೆಗೆಸಿ. ನಮ್ಮೂರ ಸೈಕಲ್ ಶಾಪಿನ ಚಾಚಾಗಳು ಬರೀ ಕಣ್ಣಳತೆಯಲ್ಲಿ ಕಡ್ಡಿ ಬಿಗಿದು ಚಕ್ರ ನೆಟ್ಟಗೆ ಮಾಡುವುದನ್ನು ನೋಡಿದ್ದೇನೆ. ಟೂರ್‌ನಲ್ಲಿ ಪ್ರತಿ ತಂಡದ ಕಾರಿನಲ್ಲಿ ಒಬ್ಬ ಮೆಕ್ಯಾನಿಕ್ ಕೂತಿರುತ್ತಾನೆ, ಅವನಿಲ್ಲದೆ ಓಟ ಸಾಗುವುದಿಲ್ಲ. ನಮ್ಮ ಓಟದಲ್ಲಿ ಈ ಚಾಚಾಗಳಿಗೆ ಕುರ್ಚಿ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸಬೇಕು.

ಅಪಾಯದ ಮಾತನ್ನು ತಳ್ಳಿಹಾಕುವುದಿಲ್ಲ. ಹೆಲ್ಮೆಟ್ ಇಲ್ಲದೆ ಯಾರೂ ಹೊರಡಬಾರದು, ಆಂಬುಲೆನ್ಸ್ ನಿಲ್ಲಬೇಕು, ತಿರುವುಗಳಲ್ಲಿ ಎನ್‌ಎಸ್‌ಎಸ್ ಸ್ವಯಂಸೇವಕರು ಇರಬೇಕು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗೆ ಇಳಿಯುವ ಮೊದಲೇ ಮುಗಿಸಬೇಕು. ಅಂದರೆ ಅಕ್ಟೋಬರ್, ಕಿತ್ತೂರು ಉತ್ಸವದ ಆಸುಪಾಸು. ಮಳೆಗಾಲದ ಗುಂಡಿಗಳು ಅಷ್ಟರೊಳಗೆ ಮುಚ್ಚುತ್ತವೆಯೋ ಇಲ್ಲವೋ, ಓಟದ ನೆಪದಲ್ಲಾದರೂ ಅರ್ಜಿ ಕೊಡಬಹುದು.

2026ರ ಜನವರಿಯಲ್ಲಿ ಪುಣೆಯಲ್ಲಿ ಐದು ದಿನಗಳ ಅಂತರರಾಷ್ಟ್ರೀಯ ರಸ್ತೆ ಓಟ ನಡೆಯಿತು. ಕಿತ್ತೂರಿನ ಪಕ್ಕದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಅದೇ ಪುಣೆ. ಹೊರದೇಶದ ಸವಾರರು ಇಷ್ಟು ಹತ್ತಿರ ಬಂದು ಹೋದರು. ನಾವು ಅದನ್ನೂ ಮೊಬೈಲಿನಲ್ಲೇ ನೋಡಿದೆವು. ಗಿರ್ಮಾಯ್‌ನ ಎರಿಟ್ರಿಯಾಕ್ಕೆ ಸೈಕಲ್ ಓಟ ತಂದವರು ಆಳಲು ಬಂದ ಇಟಲಿಯವರು. ಓಟವನ್ನು ಅಲ್ಲಿನ ಜನ ತಮ್ಮದು ಮಾಡಿಕೊಂಡರು, ಅಸ್ಮಾರಾದ ಬೀದಿಗಳಲ್ಲಿ ಇಂದಿಗೂ ಓಡಿಸುತ್ತಾರೆ. 2024ರಲ್ಲಿ ಆ ಊರಿನ ಹುಡುಗ ಟೂರ್‌ನ ಮೂರು ಹಂತ ಗೆದ್ದು ಹಸಿರು ಜೆರ್ಸಿ ಮನೆಗೆ ಒಯ್ದ. ಟೂರ್‌ನ ಹಂತ ಗೆದ್ದ ಮೊದಲ ಕಪ್ಪು ಆಫ್ರಿಕನ್ ಅವನು.

ಗ್ರಂಥಾಲಯದ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದೇನೆ. ಓಡಲು ಮನಸ್ಸಿರುವವರು ಹೆಸರು ಬರೆಯಿರಿ. ತಿರುವಿನಲ್ಲಿ ನಿಂತು ದಾರಿ ಕಾಯಲು ಸಿದ್ಧರಿರುವವರೂ ಬರೆಯಿರಿ. ಇಪ್ಪತ್ತು ಹೆಸರಾದರೆ ಪ್ರಾಚಾರ್ಯರನ್ನು ಕಾಣುತ್ತೇವೆ. ಈಗ ಒಂಬತ್ತು ಇವೆ, ಅದರಲ್ಲಿ ಮೂರು ಹುಡುಗಿಯರವು, ಒಂದು ನಮ್ಮ ಅಕೌಂಟೆನ್ಸಿ ಸರ್ ಅವರದು.