ಕೂಸಿನ ಕರುಳಿನ ಮೇಲೆ ಡಬ್ಬಿಯವರ ಕಣ್ಣು



ಸಂಬಳ, ಬೋನಸು, ರಜೆಗಳ ಮಾತು ಬರಬೇಕಾದ ಪತ್ರಿಕೆಯಲ್ಲಿ ಹೆಂಗಸರ ಹೆರಿಗೆಯ ಮಾತೇಕೆ ಎಂದು ನಮ್ಮ ಕೆಲವು ಹಿರಿಯ ಸದಸ್ಯರು ಹುಬ್ಬು ಗಂಟಿಕ್ಕುವರೆಂಬುದು ನನಗೆ ಗೊತ್ತು. ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ಹೋರಾಡಿ ಹೆಚ್ಚಿಸಿಕೊಂಡ ಸಂಬಳ ಕೊನೆಗೆ ಯಾರ ಗಲ್ಲಾಪೆಟ್ಟಿಗೆಯಲ್ಲಿ ಬೀಳುತ್ತದೆಂದು ನೋಡುವುದೂ ಸಂಘದ ಕೆಲಸವೇ. ಈಗ ನಮ್ಮ ಖೋಲಿಗಳಲ್ಲಿ ಕೂಸು ಹುಟ್ಟಿದರೆ ದುಡ್ಡು ಎರಡು ದಾರಿ ಹಿಡಿಯುತ್ತದೆ. ಹೊಟ್ಟೆ ಕೊಯ್ದ ಆಸ್ಪತ್ರೆಗೆ ಒಂದು ಪಾಲು, ಆಮೇಲೆ ತಿಂಗಳುಗಟ್ಟಲೆ ಡಬ್ಬಿಯ ಹಾಲಿಗೂ ಪುಡಿಗೂ ಹನಿಮದ್ದಿಗೂ ಇನ್ನೊಂದು ಪಾಲು.

ಈ ಎರಡನೆಯ ಪಾಲು ಕೀಳುವುದಕ್ಕೆ ಹೊಸದೊಂದು ಮಂತ್ರ ಹೊರಟಿದೆ. "ನಿಮ್ಮದು ಸಿಜೇರಿಯನ್ ಕೂಸು. ಅದರ ಕರುಳಿನಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳಿಲ್ಲ. ಬರಿಯ ತಾಯಿಯ ಹಾಲು ಸಾಲದು, ಇದನ್ನು ಕೊಳ್ಳಿ." ಮೊಬೈಲಿನಲ್ಲಿ ಬಣ್ಣದ ಚಿತ್ರ ಬರುತ್ತದೆ, ಔಷಧದ ಅಂಗಡಿಯವನೂ ಅದನ್ನೇ ಹೇಳುತ್ತಾನೆ, ಬಾಣಂತಿ ಹೆದರುತ್ತಾಳೆ. ಇದರಲ್ಲಿ ಮೊದಲ ಅರ್ಧ ನಿಜ, ಉಳಿದರ್ಧ ವ್ಯಾಪಾರ. ಅರ್ಧ ನಿಜವನ್ನು ಪೂರ್ತಿ ಬೆಲೆಗೆ ಮಾರುವವನೊಡನೆಯೇ ನನ್ನ ಜಗಳ.

ನಿಜವಾದ ಅರ್ಧವನ್ನು ಮೊದಲು ನೋಡೋಣ. ನಾನು ಏಳನೆಯ ಇಯತ್ತೆ ಓದಿ ಹೋಟೆಲು ಸೇರಿದವನು, ಡಾಕ್ಟರನಲ್ಲ. ಆದರೆ ಹೆಪ್ಪು ಹಾಕುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಉಗುರುಬೆಚ್ಚಗಿನ ಹಾಲಿಗೆ ಒಳ್ಳೆಯ ಮೊಸರಿನ ಹೆಪ್ಪು ಬಿಟ್ಟರೆ ಬೆಳಗಿಗೆ ಮೊಸರು. ಹೆಪ್ಪಿಲ್ಲದೆ ಇಟ್ಟರೆ ಗಾಳಿಯಲ್ಲಿ, ಪಾತ್ರೆಯಲ್ಲಿ, ಕೈಯಲ್ಲಿ ಯಾವ ಜೀವಿ ಮೊದಲು ಬಿತ್ತೋ ಅದರದೇ ರಾಜ್ಯ. ಹಾಲು ಒಡೆಯುತ್ತದೆ, ನಾರುತ್ತದೆ. ಕೂಸಿನ ಕರುಳೂ ಹೆಚ್ಚುಕಡಮೆ ಹೀಗೆಯೇ. ಸಹಜವಾಗಿ ಹುಟ್ಟುವ ಕೂಸಿಗೆ ಹೊರಗೆ ಬರುವ ದಾರಿಯಲ್ಲೇ ತಾಯಿಯ ಮೈಯ ಹೆಪ್ಪು ಸಿಗುತ್ತದೆ. ಅದರಲ್ಲೂ ಹೆಚ್ಚಿನದು ತಾಯಿಯ ಕರುಳಿನಿಂದಲೇ ಬಂದದ್ದು. ಹೊಟ್ಟೆ ಕೊಯ್ದು ತೆಗೆದ ಕೂಸಿಗೆ ಆ ದಾರಿ ತಪ್ಪುತ್ತದೆ. ಬ್ರಿಟನ್ನಿನಲ್ಲಿ ಸುಮಾರು 600 ಮಕ್ಕಳ ಮಲವನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಸಿಜೇರಿಯನ್ ಮಕ್ಕಳ ಕರುಳಿನಲ್ಲಿ ತಾಯಿಯಿಂದ ಬರುವ ಜೀವಿಗಳು ಕಡಮೆಯಿದ್ದವು, ಆಸ್ಪತ್ರೆಗಳಲ್ಲಿ ತಿರುಗಾಡುವ ಜಾತಿಯವು ಹೆಚ್ಚಿದ್ದವು.

ಡಬ್ಬಿಯವನು ಇಲ್ಲಿಯವರೆಗೆ ಹೇಳಿ ಬಾಯಿ ಮುಚ್ಚುತ್ತಾನೆ. ಅದೇ ಸಂಶೋಧನೆ ಮುಂದೆ ಹೇಳಿದ್ದೇನು? ಕೂಸು ಗಂಜಿ, ಅನ್ನ ಉಣ್ಣತೊಡಗುವ ಹೊತ್ತಿಗೆ, ಅಂದರೆ ಆರರಿಂದ ಒಂಬತ್ತು ತಿಂಗಳೊಳಗೆ, ಈ ವ್ಯತ್ಯಾಸ ಬಹುಮಟ್ಟಿಗೆ ಕರಗುತ್ತದೆ. ಒಂದೆರಡು ಬಗೆಯ ಜೀವಿಗಳಲ್ಲಿ ಮಾತ್ರ ಉಳಿದಿರುತ್ತದೆ. ಸಿಜೇರಿಯನ್ ಮಕ್ಕಳಲ್ಲಿ ಉಬ್ಬಸ ಕೊಂಚ ಹೆಚ್ಚಾಗಿ ಕಾಣುತ್ತದೆಂದು ಬಲ್ಲವರು ಬರೆದಿರುವುದುಂಟು. ಅದಕ್ಕೆ ಕರುಳಿನ ಜೀವಿಗಳೇ ಕಾರಣವೆಂದು ಮಾತ್ರ ಇನ್ನೂ ಸಿದ್ಧವಾಗಿಲ್ಲ. ಹೀಗಿರುವಾಗ ಬಾಣಂತಿಯ ತಲೆಯ ಮೇಲೆ ಹೆದರಿಕೆಯ ಮೂಟೆ ಹೊರಿಸುವ ಹಕ್ಕು ಇವರಿಗೆ ಯಾರು ಕೊಟ್ಟರು?

ಇನ್ನು ತಪ್ಪಿದ ಹೆಪ್ಪಿಗೆ ಬದಲು ಹೆಪ್ಪು ಯಾವುದು? ತಾಯಿಯ ಎದೆಹಾಲೇ. ಅದರಲ್ಲಿ ಒಂದು ಬಗೆಯ ಸಕ್ಕರೆಯಿದೆ. ಅದನ್ನು ಅರಗಿಸಿಕೊಳ್ಳುವುದು ಕೂಸಿನಿಂದಾಗದು. ಹಾಗಾದರೆ ಅದು ಯಾರಿಗೆ? ಕೂಸಿನ ಕರುಳಿನ ಒಳ್ಳೆಯ ಜೀವಿಗಳಿಗೆ! ಕೂಸಿಗೊಂದು ಊಟ, ಕೂಸಿನ ಹೊಟ್ಟೆಯ ಬಾಡಿಗೆದಾರರಿಗೊಂದು ಊಟ, ಎರಡನ್ನೂ ಒಂದೇ ಎದೆಯಲ್ಲಿ ಇಟ್ಟಿರುವ ಈ ಏರ್ಪಾಟನ್ನು ಯಾವ ಕಾರಖಾನೆಯೂ ಪೂರ್ತಿಯಾಗಿ ನಕಲು ಮಾಡಿಲ್ಲ. ಹಾಲಿನೊಡನೆ ಜೀವಂತ ಸೂಕ್ಷ್ಮಜೀವಿಗಳೂ, ರೋಗ ತಡೆಯುವ ವಸ್ತುಗಳೂ ಇಳಿಯುತ್ತವೆ. ಮೊದಲ ದಿನಗಳ ಹಳದಿ ಹಾಲಿನಲ್ಲಂತೂ ಅವು ಬಹಳ. ಹಸು ಕರು ಹಾಕಿದರೆ ಗಿಣ್ಣು ಎಂದು ನೆರೆಮನೆಗೆಲ್ಲ ಹಂಚಿ ತಿನ್ನುವ ನಾವು, ನಮ್ಮ ಕೂಸಿನ ಪಾಲಿನ ಗಿಣ್ಣನ್ನು "ಕೆಟ್ಟ ಹಾಲು" ಎಂದು ಹಿಂಡಿ ಚೆಲ್ಲಿಸುವ ಅಜ್ಜಿಯರನ್ನು ಇನ್ನೂ ಮನೆಯಲ್ಲಿಟ್ಟುಕೊಂಡಿದ್ದೇವೆ. ಅಜ್ಜಿಯರ ಮೇಲೆ ನನಗೆ ಗೌರವವಿದೆ. ಈ ಒಂದು ವಿಷಯದಲ್ಲಿ ಅವರ ಮಾತು ಕೇಳಕೂಡದು.

ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಬೇಕು, ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಕೂಡದು, ಅನಂತರ ಗಂಜಿ, ರಾಗಿಯ ಸರಿ ಮುಂತಾದುವುಗಳೊಡನೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ನಡೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡೆಯುವುದೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಂದು ಗಂಟೆಯೊಳಗೆ ತಾಯಿಯ ಎದೆ ಕಂಡ ಮಕ್ಕಳು 100ಕ್ಕೆ 42 ಕೂಡ ಇಲ್ಲ.

ನಮ್ಮ ಸದಸ್ಯನೊಬ್ಬನ ಸಂಗತಿ ಹೇಳುತ್ತೇನೆ. ದೋಸೆಯ ಹೆಂಚಿನ ಮುಂದೆ ಹದಿನಾರು ವರ್ಷ ನಿಂತವನು. ಅವನ ಹೆಂಡತಿಗೆ ಉಪನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು, ತಾಯಿಗೆ ಪೂರ್ತಿ ಎಚ್ಚರವಿತ್ತು, ಕೂಸು ಗಟ್ಟಿಯಾಗಿ ಅತ್ತಿತ್ತು. ಎದೆಯ ಮೇಲೆ ಮಲಗಿಸುವುದಕ್ಕೆ ಏನು ಅಡ್ಡಿ? ಮುಖ ತೋರಿಸಿ ಒಯ್ದವರು ಮಾರನೆಯ ಬೆಳಿಗ್ಗೆ ತಂದುಕೊಟ್ಟರು. ಅಷ್ಟರಲ್ಲಿ ಬಾಟಲಿ ಮೂರು ಸಲ ಬಾಯಿಗಿಟ್ಟಾಗಿತ್ತು. "ನಿನಗೆ ಹಾಲಿಲ್ಲಮ್ಮ" ಎಂಬ ತೀರ್ಪೂ ಆಗಿಹೋಗಿತ್ತು. ಮನೆಗೆ ಹೊರಡುವಾಗ ಕೈಗೊಂದು ಬಿಟ್ಟಿ ಡಬ್ಬಿ. ಎರಡನೆಯ ಡಬ್ಬಿಗೆ ಅವನ ಒಂದು ದಿನದ ದುಡಿಮೆ ಹೋಯಿತು. ಅದು ವಾರವೂ ಬರಲಿಲ್ಲ.

ಹೊಟ್ಟೆ ಕೊಯ್ದ ತಾಯಿಗೆ ಹಾಲು ತುಂಬಿ ಬರುವುದು ಒಂದೆರಡು ದಿನ ತಡವಾಗಬಹುದು. ಅಷ್ಟಕ್ಕೆ ಹಾಲಿಲ್ಲವೆಂದು ಅರ್ಥವಲ್ಲ. ಮೊದಲ ದಿನ ಕೂಸಿಗೆ ಬೇಕಾದದ್ದೇ ಕೆಲವು ಚಮಚ. ಆರ್ಡರು ಬಂದಷ್ಟೇ ನಾವು ಹೆಂಚಿನ ಮೇಲೆ ಹಿಟ್ಟು ಹುಯ್ಯುವುದಲ್ಲವೇ? ಕೂಸು ಚೀಪಿದಷ್ಟೂ ಎದೆ ಹಾಲು ಮಾಡುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿಸಿ, ಚೀಪುವುದನ್ನು ತಪ್ಪಿಸಿ, ಆಮೇಲೆ "ಹಾಲಿಲ್ಲ" ಎನ್ನುವುದು ಗಿರಾಕಿಯನ್ನು ಬಾಗಿಲಲ್ಲೇ ಓಡಿಸಿ ಹೋಟೆಲು ನಡೆಯುವುದಿಲ್ಲವೆಂದು ಬೋರ್ಡು ಹಾಕಿದಂತೆ. ಬೇಕಾದದ್ದು ಡಬ್ಬಿಯಲ್ಲ, ಒಂದು ಜೊತೆ ಕೈ. ಹೊಲಿಗೆಯ ನೋವಿನಲ್ಲಿರುವವಳನ್ನು ಮಗ್ಗುಲಾಗಿ ಮಲಗಿಸಿ, ಕೂಸನ್ನು ಎದೆಗೆ ಸರಿಯಾಗಿ ಹಿಡಿದುಕೊಡುವ ದಾದಿಯೋ, ಅತ್ತೆಯೋ, ಗಂಡನೋ ಬೇಕು. ಹೌದು, ಗಂಡನೂ!

ಆ ಬಿಟ್ಟಿ ಡಬ್ಬಿ ಇದೆಯಲ್ಲ, ಅದು ಉಪಕಾರವಲ್ಲ, ಅಪರಾಧ. 1992ರ ಕಾಯಿದೆಯೂ 2003ರ ಅದರ ತಿದ್ದುಪಡಿಯೂ ಎರಡು ವರ್ಷದೊಳಗಿನ ಮಕ್ಕಳ ಹಾಲಿನಪುಡಿಗೆ, ಹಾಲಿನ ಬಾಟಲಿಗೆ ಜಾಹೀರಾತನ್ನೇ ನಿಷೇಧಿಸಿವೆ. ತಾಯಂದಿರಿಗೆ ಮಾದರಿ ಡಬ್ಬಿ ಹಂಚಕೂಡದು, ಆಸ್ಪತ್ರೆಯವರಿಗೆ ಉಡುಗೊರೆ ಕೊಡಕೂಡದು, ಡಬ್ಬಿಯ ಮೇಲೆ ಕೂಸಿನ ಚಿತ್ರವೂ ಕೂಡದು. ತಪ್ಪಿದರೆ 3 ವರ್ಷದವರೆಗೆ ಸೆರೆ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಐದು ಸಾವಿರ! ಕೋಟಿಗಟ್ಟಲೆ ವ್ಯಾಪಾರದವನಿಗೆ ಇದು ಚಹಾದ ಖರ್ಚು.

ಕೊಯ್ಯುವ ವಿಷಯದಲ್ಲಿ ಒಂದು ಮಾತು. ಶಸ್ತ್ರಕ್ರಿಯೆಯನ್ನು ನಾನು ಹಳಿಯುತ್ತಿಲ್ಲ. ಅಡ್ಡ ಮಲಗಿದ ಕೂಸನ್ನೂ ರಕ್ತ ಸುರಿಯುವ ತಾಯಿಯನ್ನೂ ಅದು ಬದುಕಿಸಿದೆ, ಬದುಕಿಸುತ್ತಿದೆ. "ಸಿಜೇರಿಯನ್ ಆದವಳು" ಎಂದು ಸೊಸೆಯನ್ನು ಚುಚ್ಚುವ ಮನೆಯವರಿಗೆ ನಾಚಿಕೆಯಾಗಬೇಕು. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನೋಡಿ: ಸರಕಾರಿ ಆಸ್ಪತ್ರೆಯ ಹೆರಿಗೆಗಳಲ್ಲಿ 100ಕ್ಕೆ 14 ಸಿಜೇರಿಯನ್, ಖಾಸಗಿಯಲ್ಲಿ 47. ಖಾಸಗಿಯವರ ಹೊಸ್ತಿಲು ದಾಟಿದೊಡನೆ ನಮ್ಮ ಹೆಂಗಸರ ಸೊಂಟ ಕಿರಿದಾಗುತ್ತದೆಯೇ? ಏಕೆ ಕೊಯ್ಯುತ್ತೀರಿ ಎಂದು ಕೇಳುವುದು ಉದ್ಧಟತನವಲ್ಲ, ಕೇಳಿ.

ಕೊಯ್ಯುವ ಮೊದಲು ತಾಯಿಗೆ ಕೊಡುವ ಆಂಟಿಬಯಾಟಿಕ್ ಸೂಜಿಯನ್ನು ಮಾತ್ರ ಬೇಡವೆನ್ನಬೇಡಿ, ಗಾಯ ಕೀವಾಗದಂತೆ ಕಾಯುವುದು ಅದೇ. ತಾಯಿಯ ಜನನಾಂಗದ ಸ್ರಾವವನ್ನು ಬಟ್ಟೆಯಲ್ಲಿ ತೆಗೆದು ಕೂಸಿಗೆ ಒರೆಸಿರೆಂದು ಮೊಬೈಲಿನಲ್ಲಿ ಬರುವ ಉಪದೇಶವನ್ನು ನಂಬಬೇಡಿ. ಸಂಶೋಧನೆಯ ಹೊರಗೆ ಅದನ್ನು ಮಾಡಕೂಡದೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘವೇ 2017ರಲ್ಲಿ ಹೇಳಿದೆ, ರೋಗ ಅಂಟುವ ಭಯವಿದೆ. ಜೇನು ನೆಕ್ಕಿಸುವುದು ವರ್ಷದೊಳಗೆ ಬೇಡವೇ ಬೇಡ. ಕೂಸಿಗೆ ಭೇದಿಯಾಯಿತೆಂದು ಅಂಗಡಿಯವನ ಕೈಯಿಂದ ಆಂಟಿಬಯಾಟಿಕ್ ತಂದು ಕುಡಿಸಿದರೆ, ಆಗತಾನೆ ಬೇರೂರುತ್ತಿರುವ ಒಳ್ಳೆಯ ಜೀವಿಗಳೂ ಸಾಯುತ್ತವೆ. ಎಳೆಗೂಸಿಗೆ ಜ್ವರ ಬಂದರೆ, ಹಾಲು ಬಿಟ್ಟರೆ, ಅಂಗಡಿಗೆ ಹೋಗದೆ ಆಗಲೇ ಆಸ್ಪತ್ರೆಗೆ ಓಡಿ.

"ಒಳ್ಳೆಯ ಜೀವಿಗಳ ಮದ್ದಿನಿಂದ ಒಡಿಶಾದಲ್ಲಿ ಮಕ್ಕಳು ಉಳಿದರಲ್ಲ" ಎಂದು ಪುಡಿಯ ಏಜೆಂಟರು ವಾದಿಸುವುದುಂಟು. ಹೌದು, ಅದು ನಿಜವಾದ, ದೊಡ್ಡ ಕೆಲಸ. ಒಡಿಶಾದ ಹಳ್ಳಿಗಳಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಕೂಸುಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ರಕ್ತಕ್ಕೆ ನಂಜೇರುವುದೂ ಸಾವೂ ಸೇರಿ 100ಕ್ಕೆ 9ರಿಂದ ಸುಮಾರು 5ಕ್ಕೆ ಇಳಿದವು. ಆದರೆ ಅದು ಗೊತ್ತಾದ ಒಂದೇ ಜಾತಿಯ ಜೀವಿ, ಗೊತ್ತಾದ ಅಳತೆ, ಒಂದು ವಾರ ಮಾತ್ರ, ಅದೂ ಎದೆಹಾಲು ಕುಡಿಯುತ್ತಿದ್ದ ಕೂಸುಗಳಿಗೆ. ಅದರ ಹೆಸರು ಹೇಳಿ ಕಂಡಕಂಡ ಪುಡಿ ಮಾರುವುದು, ಒಳ್ಳೆಯ ಹೋಟೆಲಿನ ಬೋರ್ಡು ತೂಗುಹಾಕಿ ಹಳಸಿದ ಸಾಂಬಾರು ಬಡಿಸಿದಂತೆ.

ನಿಜಕ್ಕೂ ಹಾಲು ಕೊಡಲಾಗದ ತಾಯಂದಿರಿದ್ದಾರೆ, ತಿಂಗಳು ತುಂಬದೆ ಹುಟ್ಟುವ ಕೂಸುಗಳಿವೆ. ಅಂಥವರಿಗಾಗಿ ನಮ್ಮ ಮುಂಬಯಿಯಲ್ಲೇ ದಾರಿಯಿದೆ. ಡಾ. ಅರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಸಯನ್ ಆಸ್ಪತ್ರೆಯಲ್ಲಿ ಏಷ್ಯದ ಮೊದಲ ತಾಯಿಹಾಲಿನ ಬ್ಯಾಂಕನ್ನು ಆರಂಭಿಸಿದರು. ಡಾಕ್ಟರರು ಡಬ್ಬಿಯೇ ಬೇಕೆಂದರೆ ಕೊಡಿ, ತಪ್ಪೇನಿಲ್ಲ. ಕುದಿಸಿದ ನೀರಿನಲ್ಲಿ ಕಲಸಿ, ತೊಳೆಯಲಾಗದ ಬಾಟಲಿ ಬಿಟ್ಟು ನಮ್ಮ ಒಳಲೆಯಲ್ಲಿ ಕುಡಿಸಿ.

ಇಷ್ಟೆಲ್ಲ ಬರೆದ ಮೇಲೆ ಧಣಿಗಳ ಕಡೆಗೂ ತಿರುಗಬೇಕು. ಆರು ತಿಂಗಳು ಎದೆಹಾಲು ಎಂದು ಹೇಳುವುದು ಸುಲಭ. ನಲವತ್ತನೆಯ ದಿನಕ್ಕೆ ಹಿಟ್ಟು ರುಬ್ಬಲು, ಪಾತ್ರೆ ತಿಕ್ಕಲು ಕರೆಯುವ ಮಾಲಿಕನಿರುವಾಗ ಹಾಲು ಕೊಡುವವಳು ಎಲ್ಲಿಂದ ಬರಬೇಕು? ದೇಶದಲ್ಲಿ ಮೊದಲ ಹೆರಿಗೆ ಭತ್ಯದ ಕಾಯಿದೆ ಆದದ್ದು ಈ ಮುಂಬಯಿ ಪ್ರಾಂತದಲ್ಲಿ, 1929ರಲ್ಲಿ, ಗಿರಣಿಯ ಹೆಂಗಸರ ದುಡಿಮೆಯ ಮೇಲೆ. 1928ರಲ್ಲಿ ವಿಧಾನ ಪರಿಷತ್ತಿನಲ್ಲಿ ಅದರ ಪರವಾಗಿ ಡಾ. ಅಂಬೇಡ್ಕರರು ವಾದಿಸಿದ್ದರು. 1961ರ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಕೊಟ್ಟಿತು, 50 ಜನರಿರುವಲ್ಲಿ ಪಾಳಣಾಘರ ಬೇಕೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಇದೆ. 26 ವಾರವೆಂದರೆ ಆರು ತಿಂಗಳು. ಕೂಸಿನ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವಳಿಗೆ ಯಾವ ರಜೆ? ಹೆಂಗಸರ ಹೆಸರು ಪುಸ್ತಕಕ್ಕೆ ಏರಬೇಕು. ಕೇಂದ್ರ ಸರಕಾರದ ನೌಕರನಿಗೆ ಹೆಂಡತಿಯ ಹೆರಿಗೆಗೆ 15 ದಿನ ರಜೆಯಿದೆ. ಭಟ್ಟಿಯ ಮುಂದಿನವನಿಗೂ ಅಷ್ಟು ಕೊಡಿ ಎಂಬುದು ನಮ್ಮ ಮುಂದಿನ ಬೇಡಿಕೆ ಪತ್ರದಲ್ಲಿ ಸೇರಬೇಕು.

ಆಸ್ಪತ್ರೆಯಲ್ಲಿ ಬಿಟ್ಟಿ ಡಬ್ಬಿ, ಕಂಪನಿಯ ಹೆಸರಿನ ಕಾರ್ಡು, ರಿಯಾಯಿತಿಯ ಚೀಟಿ ಕೊಟ್ಟಿದ್ದರೆ ಎಸೆಯಬೇಡಿ. ದಿನಾಂಕ ಬರೆದು ಸಂಘದ ಕಚೇರಿಗೆ ತಂದುಕೊಡಿ. ಡಬ್ಬಿ ಖಾಲಿಯಾಗಿದ್ದರೂ ನಡೆಯುತ್ತದೆ.