ಬೇಲಿಯ ಬಳ್ಳಿಗೆ ಬೆಲೆ ತಂದ ಕೈಗಳು

ಲಂಡನ್ನಿನ ಓಲ್ಡ್ ಬಾಂಡ್ ಸ್ಟ್ರೀಟ್ ಸಿರಿವಂತರು ಓಡಾಡುವ ಬೀದಿ. 1920ರ ದಶಕದ ಕೊನೆಯಲ್ಲಿ ಅಲ್ಲಿಯ ಆಟ್ಕಿನ್‌ಸನ್ಸ್ ಎಂಬ ಸುಗಂಧದ್ರವ್ಯದ ಅಂಗಡಿಯ ಗಾಜಿನ ಕಿಟಕಿಯ ಮುಂದೆ ದಾರಿಹೋಕರು ನಿಂತು ನೋಡತೊಡಗಿದರು. ಒಳಗಿದ್ದುದು ಬೆಲೆಬಾಳುವ ಹೂಗಳ ರಾಶಿಯಲ್ಲ; ಹಳ್ಳಿಯ ಬೇಲಿಸಾಲಿನಿಂದ ಕಿತ್ತು ತಂದ ಕಾಡುಬಳ್ಳಿ, ಹಾಪ್ಸ್ ಬಳ್ಳಿಯ ಗೊಂಚಲು, ಯಾರೂ ಹೂವೆಂದು ಲೆಕ್ಕಕ್ಕೆ ತೆಗೆದುಕೊಳ್ಳದ ಹಸಿರು. ಅವನ್ನು ಅಲ್ಲಿ ಜೋಡಿಸಿದವರು ಕಾನ್‌ಸ್ಟೆನ್ಸ್ ಸ್ಪ್ರೈ. ಹೂವಿನ ಅಲಂಕಾರವೆಂಬ ಕಸುಬಿನ ದಿಕ್ಕನ್ನೇ ಬದಲಿಸಿದ ಈ ಮಹಿಳೆಯ ಬದುಕು ಸಹ್ಯಾದ್ರಿಯ ತಪ್ಪಲಿನ ಊರುಗಳಿಗೂ ಹೇಳುವ ಮಾತೊಂದಿದೆ.

ಸ್ಪ್ರೈ ಹುಟ್ಟಿದ್ದು 1886ರಲ್ಲಿ, ಇಂಗ್ಲೆಂಡಿನ ಡರ್ಬಿ ಪಟ್ಟಣದಲ್ಲಿ, ಬೆಳೆದದ್ದು ಐರ್ಲೆಂಡಿನಲ್ಲಿ. ಹೂವಿನ ವ್ಯಾಪಾರ ಅವರ ಮೊದಲ ವೃತ್ತಿಯಲ್ಲ. ಐರ್ಲೆಂಡಿನಲ್ಲಿ ಕ್ಷಯರೋಗದ ವಿರುದ್ಧ ಆರೋಗ್ಯ ಶಿಕ್ಷಣ ನೀಡುವ ಕೆಲಸದಲ್ಲಿ ಅವರು ತೊಡಗಿದ್ದರು. 1921ರಲ್ಲಿ ಪೂರ್ವ ಲಂಡನ್ನಿನ ಹೋಮರ್ಟನ್ ಪ್ರದೇಶದ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯಿನಿಯಾದರು. ಚಿಕ್ಕ ವಯಸ್ಸಿನಲ್ಲೇ ದುಡಿಮೆಗೆ ಇಳಿದ ಬಡ ಹುಡುಗಿಯರು ಕಲಿಯಲು ಬರುತ್ತಿದ್ದ ಶಾಲೆ ಅದು. ಅಡುಗೆ, ಹೊಲಿಗೆಗಳ ಜೊತೆಗೆ ಅವರು ಆ ಮಕ್ಕಳಿಗೆ ಹೂ ಜೋಡಿಸುವುದನ್ನೂ ಕಲಿಸಿದರು. ಸೌಂದರ್ಯವು ಹಣವಂತರ ಸೊತ್ತಲ್ಲವೆಂಬ ಅವರ ನಂಬಿಕೆ ಬೇರೂರಿದ್ದು ಇಲ್ಲಿ.

1929ರಲ್ಲಿ, ನಲವತ್ತು ದಾಟಿದ ಮೇಲೆ, ಅವರು ಲಂಡನ್ನಿನಲ್ಲಿ ಸಣ್ಣದೊಂದು ಹೂವಿನ ಅಂಗಡಿ ತೆರೆದರು. ಆಗಿನ ಹೂಗಾರರು ಕಾರ್ನೇಷನ್ ಮತ್ತು ಗುಲಾಬಿಗಳನ್ನು ತಂತಿ ಕಟ್ಟಿ ಬಿಗಿಯಾಗಿ ನಿಲ್ಲಿಸುತ್ತಿದ್ದರು. ಸ್ಪ್ರೈ ಅವರ ಹೂದಾನಿಯಲ್ಲಾದರೋ ಕೇಲ್ ಸೊಪ್ಪಿನ ಎಲೆ, ರುಬಾರ್ಬಿನ ಎಲೆ, ಒಣಗಿದ ಬೀಜದ ತಲೆಗಳು, ಹಣ್ಣಿನ ರೆಂಬೆಗಳು ಸೇರಿಕೊಂಡವು. ಹೂದಾನಿಯೂ ಹೂದಾನಿಯೇ ಆಗಬೇಕಿರಲಿಲ್ಲ. ಅಡುಗೆಮನೆಯ ತಟ್ಟೆ, ಬೋಗುಣಿಗಳೇ ಸಾಕಾಗುತ್ತಿದ್ದವು. ಕಾಂಡಗಳನ್ನು ನಿಲ್ಲಿಸಲು ಅವರು ಬಳಸುತ್ತಿದ್ದುದು ಕೋಳಿಗೂಡಿಗೆ ಹಾಕುವ ತಂತಿಬಲೆಯ ಮುದ್ದೆ. ಒಮ್ಮೆ ಕೊಂಡರೆ ಅದು ವರ್ಷಗಟ್ಟಲೆ ಬಾಳುತ್ತಿತ್ತು.

ಕೀರ್ತಿ ಬೇಗನೆ ಬಂತು. 1937ರಲ್ಲಿ ಡ್ಯೂಕ್ ಆಫ್ ವಿಂಡ್ಸರ್ ಅವರ ವಿವಾಹಕ್ಕೆ, 1947ರಲ್ಲಿ ರಾಜಕುಮಾರಿ ಎಲಿಜಬೆತ್ ಅವರ ವಿವಾಹಕ್ಕೆ, 1953ರಲ್ಲಿ ಅವರದೇ ಪಟ್ಟಾಭಿಷೇಕಕ್ಕೆ ಹೂವಿನ ಅಲಂಕಾರ ಮಾಡಿದವರು ಸ್ಪ್ರೈ. ಯುದ್ಧಕಾಲದಲ್ಲಿ ಮಾತ್ರ ಅವರು ಹೂವಿನಾಚೆಗೆ ನೋಡಿದರು. ಮನೆಯಂಗಳದಲ್ಲಿ ತರಕಾರಿ ಬೆಳೆದು ಅಡುಗೆ ಮಾಡುವ ಬಗೆಯನ್ನು ತಿಳಿಸುವ ಪುಸ್ತಕವನ್ನು 1942ರಲ್ಲಿ ಹೊರತಂದರು. ಯುದ್ಧಾನಂತರ ವಿಂಕ್‌ಫೀಲ್ಡ್ ಪ್ಲೇಸ್ ಎಂಬಲ್ಲಿ ಶಾಲೆಯೊಂದನ್ನು ನಡೆಸಿದರು. 1960ರ ಜನವರಿ 3ರಂದು ಅಲ್ಲಿಯೇ ಮೆಟ್ಟಿಲಿನಿಂದ ಜಾರಿ ಬಿದ್ದು ತೀರಿಕೊಂಡರು.

ಸಸ್ಯಪ್ರಿಯರು ಅವರನ್ನು ನೆನೆಯಲು ಇನ್ನೊಂದು ಕಾರಣವಿದೆ. ಹೊಸ ಸಂಕರ ತಳಿಗಳ ಅಬ್ಬರದಲ್ಲಿ ಮರೆಯಾಗುತ್ತಿದ್ದ ಹಳೆಯ ಗುಲಾಬಿಗಳನ್ನು ಸ್ಪ್ರೈ ಹುಡುಕಿ ತಂದು ತಮ್ಮ ತೋಟದಲ್ಲಿ ಉಳಿಸಿದರು. ಅವರು ತೀರಿಕೊಂಡ ಮರುವರ್ಷ, 1961ರಲ್ಲಿ, ಡೇವಿಡ್ ಆಸ್ಟಿನ್ ತಮ್ಮ ಮೊದಲ ಗುಲಾಬಿ ತಳಿಯನ್ನು ಹೊರತಂದಾಗ ಅದಕ್ಕೆ ಇಟ್ಟ ಹೆಸರು 'ಕಾನ್‌ಸ್ಟೆನ್ಸ್ ಸ್ಪ್ರೈ'. ಹಳೆಯ ಗ್ಯಾಲಿಕಾ ಗುಲಾಬಿಯೊಂದನ್ನು ಹೊಸ ಫ್ಲೋರಿಬಂಡದೊಡನೆ ಕೂಡಿಸಿ ಪಡೆದ ತಳಿ ಅದು. ಹಳೆಯದು ಯಾರದೋ ಅಂಗಳದಲ್ಲಿ ಉಳಿದಿದ್ದರೆ ಮಾತ್ರ ಹೊಸದು ಹುಟ್ಟಲು ಸಾಧ್ಯ. ಅಪ್ಪೆಮಿಡಿಗೂ ಭತ್ತದ ನಾಟಿ ತಳಿಗಳಿಗೂ ಅನ್ವಯಿಸುವ ಸತ್ಯವೇ ಇದು.

ಇಷ್ಟೆಲ್ಲ ಸಾಧಿಸಿದವರಿಗೂ ತಿರಸ್ಕಾರ ತಪ್ಪಲಿಲ್ಲ. 2004ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ಸ್ಪ್ರೈ ಅವರ ಕೆಲಸದ ಪ್ರದರ್ಶನ ಏರ್ಪಡಿಸಿದಾಗ ದೊಡ್ಡ ವಿವಾದವೇ ಎದ್ದಿತು. ಸಂಸ್ಥಾಪಕ ಟೆರೆನ್ಸ್ ಕಾನ್ರಾನ್ ಅದನ್ನು ವಿರೋಧಿಸಿದರು. ಮ್ಯೂಸಿಯಂ ತನ್ನ ಮೂಲ ಧ್ಯೇಯದಿಂದ ದೂರ ಸರಿಯುತ್ತಿದೆಯೆಂದು ಆಕ್ಷೇಪಿಸಿ ಅಧ್ಯಕ್ಷ ಜೇಮ್ಸ್ ಡೈಸನ್ ರಾಜೀನಾಮೆ ನೀಡಿದರು. ಯಂತ್ರದ ರೂಪ ತಿದ್ದುವುದು ವಿನ್ಯಾಸ, ಎಲೆ ಹೂಗಳನ್ನು ಜೋಡಿಸುವುದು ಬರಿಯ ಹೆಂಗಸರ ಹವ್ಯಾಸ ಎಂಬ ಭಾವನೆ ಆ ವಾದದ ತಳದಲ್ಲಿ ಇರಲಿಲ್ಲವೆನ್ನುವುದು ಕಷ್ಟ.

ಇದೇ ತಿರಸ್ಕಾರ ಮಲೆನಾಡಿನಲ್ಲಿಯೂ ಉಂಟು. ಬಾಳೆನಾರಿನಲ್ಲಿ ಸುರಗಿ, ಅಬ್ಬಲಿಗೆ, ಡೇರೆ ಹೂಗಳನ್ನು ದಂಡೆ ಕಟ್ಟುವ ಕೈಗಳು, ಚೌತಿಗೆ ಕಾಡಿನ ಕಾಯಿ ಹಣ್ಣುಗಳಿಂದ ಫಲಾವಳಿ ಕಟ್ಟುವ ಕೈಗಳು, ಅಡಕೆಯ ಸಿಂಗಾರ ಮಾವಿನೆಲೆಗಳಿಂದ ಮಂಟಪ ಸಿಂಗರಿಸುವ ಕೈಗಳು ಯಾವ ವಿದ್ಯೆಯ ಪಟ್ಟಿಯಲ್ಲಿಯೂ ಸೇರಿಲ್ಲ. ಯಾವ ಹೂ ಯಾವ ಮಾಸದಲ್ಲಿ ಎಲ್ಲಿ ಅರಳುತ್ತದೆ, ಕಿತ್ತ ಮೇಲೆ ಎಷ್ಟು ಹೊತ್ತು ಬಾಡದೆ ಉಳಿಯುತ್ತದೆ ಎಂಬ ಅರಿವು ಸಸ್ಯಶಾಸ್ತ್ರವೇ ಹೌದು. ಅದನ್ನು ಬಲ್ಲ ಅಜ್ಜಿಯಂದಿರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರ ಜಾಗಕ್ಕೆ ಪೇಟೆಯಿಂದ ಪ್ಲಾಸ್ಟಿಕ್ ಹೂ, ಥರ್ಮೋಕೋಲ್ ಮಂಟಪ, ಹೂ ಚುಚ್ಚುವ ಹಸಿರು ಫೋಮಿನ ಇಟ್ಟಿಗೆಗಳು ಬರುತ್ತಿವೆ.

ಈ ಹಸಿರು ಇಟ್ಟಿಗೆಯ ಬಗ್ಗೆ ಎಚ್ಚರ ಅಗತ್ಯ. 1954ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ವಸ್ತು ನೋಡಲು ಪಾಚಿಯಂತಿದ್ದರೂ ಫೀನಾಲ್-ಫಾರ್ಮಾಲ್ಡಿಹೈಡ್‌ನಿಂದ ತಯಾರಾದ ಪ್ಲಾಸ್ಟಿಕ್. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಆ ಪುಡಿ ಸೂಕ್ಷ್ಮ ಪ್ಲಾಸ್ಟಿಕ್ ಆಗಿ ನೀರು ಸೇರುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿತು. ಅಲ್ಲಿಯ ಹೂಗಾರರು ಈಗ ಮರಳುತ್ತಿರುವುದು ಸ್ಪ್ರೈ ಅವರ ತಂತಿಬಲೆಗೆ. ಮಲೆನಾಡಿಗೆ ಅದೂ ಬೇಡ; ಬಾಳೆದಿಂಡು, ಅಡಕೆಹಾಳೆಗಳು ಮನೆಯ ಹಿತ್ತಲಿನಲ್ಲಿಯೇ ಇವೆ.

ಒಂದು ಮಾತಿನಲ್ಲಿ ಮಾತ್ರ ಎಚ್ಚರ ತಪ್ಪಬಾರದು. ಸ್ಪ್ರೈ ಅವರ ಬೇಲಿಬಳ್ಳಿ, ಸೊಪ್ಪುಗಳು ಕತ್ತರಿಸಿದರೂ ಮತ್ತೆ ಚಿಗುರುವಂಥವು, ಇಲ್ಲವೆ ಮತ್ತೆ ಬಿತ್ತಬಹುದಾದಂಥವು. ಮರದ ಮೇಲಿನ ಸೀತಾಳೆದಂಡೆಯನ್ನು ಬೇರುಸಹಿತ ಕಿತ್ತರೆ ಆ ಕೊಂಬೆಗೆ ಅದು ಮರಳುವುದು ಸುಲಭವಲ್ಲ. ಸುರಗಿಯ ಕೊಂಬೆ ಕಡಿದು ಮೊಗ್ಗು ಬಿಡಿಸಿದರೆ ಮುಂದಿನ ವರ್ಷದ ಹೂವೂ ಅದರೊಡನೆ ಹೋಯಿತು. ಕಾಡಿನಿಂದ ತರುವುದಕ್ಕೆ ಮಿತಿ ಬೇಕು. ಹಿತ್ತಲಿನಲ್ಲಿ ಬೆಳೆಯುವುದಕ್ಕೆ ಮಿತಿ ಬೇಡ.

ಸ್ಪ್ರೈ ಅವರ ಗಿರಾಕಿಗಳು ಅರಮನೆಯವರಾಗಿದ್ದುದು ನಿಜ. ಆದರೆ ಅರಮನೆಯೊಳಕ್ಕೆ ಅವರು ಕೊಂಡೊಯ್ದದ್ದು ಬಡವರ ಬೇಲಿಯ ಸಿರಿಯನ್ನು. ಮಲೆನಾಡಿನ ಶಾಲೆಗಳ ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ತಮ್ಮೂರಿನ ಒಬ್ಬ ಅಜ್ಜಿಯ ಬಳಿ ಕುಳಿತು ಒಂದು ದಂಡೆ ಕಟ್ಟುವುದನ್ನು ಕಲಿತು, ಅದರಲ್ಲಿ ಬಳಸಿದ ಪ್ರತಿ ಹೂ ಎಲೆಯ ಹೆಸರನ್ನು ಬರೆದಿಟ್ಟರೆ ಅದೇ ಒಂದು ದಾಖಲೆಯಾದೀತು. ಮುಂದಿನ ಮದುವೆಯ ಚಪ್ಪರಕ್ಕೆ ಪೇಟೆಯ ಫೋಮ್ ಬರದಿದ್ದರೆ ಊರಿನ ಹಳ್ಳವೂ ಅಷ್ಟರಮಟ್ಟಿಗೆ ಉಳಿದೀತು.