ಭೂಮಿಯಿಂದ ಎದ್ದ ಸಾಕ್ಷಿಗಳೂ ನಮ್ಮ ಕುತೂಹಲವೂ

ತಮಿಳುನಾಡಿನ ಕೀಳಡಿ ಎಂಬ ಹಳ್ಳಿಯ ಉತ್ಖನನ 2025ರಲ್ಲಿ ದೇಶದಾದ್ಯಂತ ಚರ್ಚೆಯ ವಿಷಯವಾಯಿತು. ಅಲ್ಲಿ ಅಗೆತ ನಡೆಸಿದ ಅಮರನಾಥ ರಾಮಕೃಷ್ಣ ಅವರು 2023ರ ಜನವರಿಯಲ್ಲಿ ಸಲ್ಲಿಸಿದ್ದ 982 ಪುಟಗಳ ವರದಿಯನ್ನು ಪರಿಷ್ಕರಿಸಿ ಕೊಡುವಂತೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2025ರ ಮೇ ತಿಂಗಳಿನಲ್ಲಿ ಕೇಳಿತು. ಅವರು ತಮ್ಮ ಕಾಲನಿರ್ಣಯ ಸರಿಯಾಗಿದೆಯೆಂದು ಉತ್ತರಿಸಿದರು. ಮುಂದಿನದೆಲ್ಲ ರಾಜಕಾರಣ. ಈ ಜಗಳಕ್ಕೆ ಪಂಚಾಯಿತಿ ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಆ ವಾಗ್ವಾದದ ತಿರುಳು ಏನೆಂಬುದನ್ನು ಬಹುಮಂದಿ ಗಮನಿಸಲಿಲ್ಲ. ಸಿಕ್ಕ ಮಡಕೆಯ ಚೂರು ಎಷ್ಟು ಆಳದಲ್ಲಿತ್ತು, ಮಣ್ಣಿನ ಯಾವ ಪದರದಲ್ಲಿತ್ತು, ಅದರ ಸಂಗಡ ಇನ್ನೇನಿತ್ತು ಎಂಬುದೇ ಅಲ್ಲಿಯ ಪ್ರಶ್ನೆ. ವಸ್ತುವನ್ನು ಎತ್ತಿದವರು ಜಾಗವನ್ನು ಬರೆದಿಟ್ಟಿದ್ದರಿಂದಲೇ ವಾದ ಮಾಡಲು ಎರಡೂ ಕಡೆಯವರಿಗೆ ಆಸ್ಪದ ಸಿಕ್ಕಿತು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲೂಕುಗಳ ನಮ್ಮ ಕುಟುಂಬಗಳಿಗೆ ಇದರಿಂದೇನು ಎಂದು ಯಾರಾದರೂ ಕೇಳಬಹುದು. ಕೈಯೊಳಗಿನ ಫೋನಿನಲ್ಲಿ ದಿನವೂ ಒಂದೊಂದು ಪುರಾತನ ರಹಸ್ಯ ಬಯಲಾಗುತ್ತಿದೆ. ಯೇಸುಸ್ವಾಮಿಯ ಸಮಾಧಿ ಕಾಶ್ಮೀರದಲ್ಲಿ ಇದೆಯಂತೆ, ನೋಹನ ನಾವೆ ಸಿಕ್ಕಿತಂತೆ, ಹಾಳುದೇಗುಲದ ಕೆಳಗೆ ಕೊಪ್ಪರಿಗೆ ಹೊನ್ನಿದೆಯಂತೆ. ಮಕ್ಕಳು ಕೇಳುತ್ತಾರೆ, ಹಿರಿಯರು ತಬ್ಬಿಬ್ಬಾಗುತ್ತಾರೆ. ಕುತೂಹಲ ತಪ್ಪಲ್ಲ. ಆದರೆ ನಮ್ಮ ಕಾಲಡಿಯಲ್ಲೇ ಇರುವ ಪುರಾತನವನ್ನು ನಾವು ಎಷ್ಟು ಬಲ್ಲೆವು?

ಕೋಟೆ ತಾಲೂಕಿನ ಕಿತ್ತೂರನ್ನೇ ನೋಡೋಣ. ಗಂಗರ ಕಾಲದ ಪುನ್ನಾಟವೆಂಬ ರಾಜ್ಯದ ರಾಜಧಾನಿ ಕೀರ್ತಿಪುರ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕುಳಿತು ಭೂಗೋಳ ಬರೆದ ಟಾಲೆಮಿ, ದಕ್ಷಿಣ ಭಾರತದ ಊರುಗಳ ಪಟ್ಟಿಯಲ್ಲಿ ‘ಪೌನ್ನಾಟ’ ಎಂಬ ಹೆಸರನ್ನು ಬರೆದು, ಅಲ್ಲಿ ವೈಡೂರ್ಯ ದೊರೆಯುತ್ತದೆಂದು ಸೇರಿಸಿದ್ದಾನೆ. ಇದು ನಮ್ಮ ಪುನ್ನಾಟವೇ ಎಂದು ಬಿ. ಎಲ್. ರೈಸ್ ಮೊದಲಾದವರು ಹೇಳಿದರು. ಟಾಲೆಮಿಯ ಪಟ್ಟಿಯಲ್ಲಿ ಆ ಹೆಸರು ಚೇರರ ರಾಜಧಾನಿ ಕರೂರಿನ ನೆರೆಯಲ್ಲಿ ಬರುವುದರಿಂದಲೂ, ಹಸಿರು ನೀಲಿಯ ಆ ಕಲ್ಲು ಕೊಂಗುನಾಡಿನ ಪಡಿಯೂರಿನಲ್ಲಿ ನಿಜವಾಗಿ ಸಿಕ್ಕಿರುವುದರಿಂದಲೂ, ಸ್ಥಳ ಆ ಕಡೆಯದಿರಬಹುದೆಂಬ ವಾದವೂ ಇದೆ. ಪುನ್ನಾಟದ ಹೆಸರಂತೂ ಸುಳ್ಳಲ್ಲ: 783ರಲ್ಲಿ ಹರಿವಂಶಪುರಾಣವನ್ನು ಬರೆದ ಜಿನಸೇನಾಚಾರ್ಯರು ಪುನ್ನಾಟ ಸಂಘದವರು, ಭದ್ರಬಾಹುವಿನ ಸಂಘ ಪುನ್ನಾಟಕ್ಕೆ ಬಂದಿತೆಂದು ಹತ್ತನೆಯ ಶತಮಾನದ ಹರಿಷೇಣನ ಕಥಾಕೋಶ ಹೇಳುತ್ತದೆ. ವಾದವನ್ನು ತೀರಿಸಬಲ್ಲದ್ದು ಕಿತ್ತೂರಿನ ಮಣ್ಣು. ಅದರ ಬಹುಭಾಗದ ಮೇಲೆ 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು ನಿಂತಿದೆ. ನೀರಾವರಿ ಬೇಕಿತ್ತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ದೇಗುಲ ತಲೆ ಎತ್ತುತ್ತದೆ, ಜನ ಫೋಟೋ ತೆಗೆದು ಬರುತ್ತಾರೆ.

ಪುನ್ನಾಟದ ಹೆಸರು ಬರುವ ಇನ್ನೊಂದು ದಾಖಲೆಯ ಕಥೆ ಇನ್ನೂ ಬೋಧಪ್ರದ. ನೆರೆಯ ಮಡಿಕೇರಿಯ ಖಜಾನೆಯಲ್ಲಿ ಒಂದು ತಾಮ್ರಶಾಸನ ಸಿಕ್ಕಿತು. ಗಂಗರ ಅವಿನೀತನ ಕಾಲದಲ್ಲಿ ಬದನೆಗುಪ್ಪೆ ಗ್ರಾಮವನ್ನು ತಲಕಾಡಿನ ಜಿನಾಲಯಕ್ಕೆ ಕೊಟ್ಟ ದಾನಪತ್ರವದು. ಅದರಲ್ಲಿರುವ 388 ಎಂಬ ವರ್ಷವನ್ನು ಶಕವರ್ಷವೆಂದು ಓದಿದರೆ ಕ್ರಿ.ಶ. 466 ಆಗುತ್ತದೆ. ರೈಸ್ ಅವರು ಇದನ್ನು 1872ರಲ್ಲಿ ಪ್ರಕಟಿಸಿದರು. ಆದರೆ ಲಿಪಿ ಎಷ್ಟೋ ಶತಮಾನ ಈಚಿನದು, ಇದು ಕೃತಕ ಎಂದು ಜೆ. ಎಫ್. ಫ್ಲೀಟ್ ಸಾರಿದರು. ಇದೊಂದೇ ಅಲ್ಲ, ಗಂಗರ ತಾಮ್ರಪಟಗಳ ಒಂದು ಸಾಲನ್ನೇ ಅವರು ನಕಲಿಯೆಂದು ತಳ್ಳಿಹಾಕಿದರು. ಬೆಂಗಳೂರಿನಲ್ಲಿ ಮಿಷನರಿಯೊಬ್ಬರ ಮಗನಾಗಿ ಹುಟ್ಟಿ ಕನ್ನಡಿಗರೇ ಆಗಿಹೋಗಿದ್ದ ರೈಸ್ ಅವರು ಬಿಟ್ಟುಕೊಡಲಿಲ್ಲ. ಈ ಇಬ್ಬರು ವಿದ್ವಾಂಸರ ವಾದ ವರ್ಷಗಟ್ಟಲೆ ನಡೆಯಿತು. ಎಲ್ಲವೂ ನಕಲಿಯಲ್ಲವೆಂದೂ, ಕೆಲವು ನಕಲಿಯೇ ಎಂದೂ ಮುಂದಿನ ಪೀಳಿಗೆ ಒಪ್ಪಿಕೊಂಡಿತು. ಹಿಂದಿನವರು ತಾಮ್ರಶಾಸನವನ್ನು ಏಕೆ ಸೃಷ್ಟಿಸಿದರೆಂಬುದು ಹಳ್ಳಿಯ ಜಮೀನು ವ್ಯಾಜ್ಯ ಕಂಡವರಿಗೆ ವಿವರಿಸಬೇಕಾಗಿಲ್ಲ. ಬಂಡೆಯ ಶಾಸನ ಇದ್ದಲ್ಲೇ ಇರುತ್ತದೆ. ತಾಮ್ರದ ತಗಡು ಕೈಯಿಂದ ಕೈಗೆ ಹೋಗುತ್ತದೆ.

ಪರರ ನಕಲಿಯನ್ನು ಹೇಳುವಾಗ ನಮ್ಮದನ್ನೂ ಹೇಳಬೇಕು. ಕಾನ್‌ಸ್ಟಂಟೈನ್ ಚಕ್ರವರ್ತಿ ಪಶ್ಚಿಮದ ಸಾಮ್ರಾಜ್ಯವನ್ನೇ ಜಗದ್ಗುರುಗಳಿಗೆ ದಾನ ಮಾಡಿದನೆಂಬ ಪತ್ರವೊಂದು ಮಧ್ಯಯುಗದ ಐರೋಪ್ಯರಾಜಕಾರಣದಲ್ಲಿ ಶತಮಾನಗಟ್ಟಲೆ ಚಲಾವಣೆಯಲ್ಲಿತ್ತು. ಅದು ಸೃಷ್ಟಿಯೆಂದು 1440ರಲ್ಲಿ ತೋರಿಸಿಕೊಟ್ಟವರು ಲೊರೆಂಜೊ ವಲ್ಲಾ ಎಂಬ ಕಥೋಲಿಕ ವಿದ್ವಾಂಸರೇ. ಆ ಕಾಲದ ರೋಮಿನಲ್ಲಿ ಇರಲಾರದ ‘ಸತ್ರಪ’ ಎಂಬ ಪದವಿಯ ಹೆಸರು ಪತ್ರದಲ್ಲಿದ್ದುದನ್ನು ಹಿಡಿದು ಅವರು ಗೇಲಿ ಮಾಡಿದರು. ಅದೇ ವಲ್ಲಾ ಅವರು ಮುಂದೆ ಐದನೆಯ ನಿಕೊಲಾಸ್ ಜಗದ್ಗುರುಗಳ ಸೇವೆಗೆ ಸೇರಿದರು. ಪತ್ರ ಬಿದ್ದುಹೋಯಿತು, ಧರ್ಮಸಭೆ ಬೀಳಲಿಲ್ಲ.

ನಮ್ಮ ಕಾಲಕ್ಕೆ ಬಂದರೆ, 2002ರ ಅಕ್ಟೋಬರಿನಲ್ಲಿ ಜಗತ್ತೇ ಕಿವಿ ನಿಮಿರಿಸುವಂಥ ಸುದ್ದಿ ಬಂತು. ಜೆರುಸಲೇಮಿನ ಪುರಾತನ ಯೆಹೂದ್ಯರು ಎಲುಬುಗಳನ್ನಿಡಲು ಬಳಸುತ್ತಿದ್ದಂಥ ಸುಣ್ಣಕಲ್ಲಿನ ಪೆಟ್ಟಿಗೆಯೊಂದರ ಮೇಲೆ ‘ಯೇಸುವಿನ ಸಹೋದರ, ಜೋಸೆಫನ ಮಗ ಯಕೋಬ’ ಎಂಬ ಅರಮಾಯಿಕ್ ಬರಹವಿದೆಯೆಂದು ಫ್ರಾನ್ಸಿನ ವಿದ್ವಾಂಸ ಆಂದ್ರೆ ಲೆಮೇರ್ ಪ್ರಕಟಿಸಿದರು. ಕೆನಡಾದ ಟೊರಾಂಟೊ ನಗರದ ವಸ್ತುಸಂಗ್ರಹಾಲಯದಲ್ಲಿ ಅದರ ಪ್ರದರ್ಶನವಾಯಿತು. ಸಾಗಿಸುವಾಗ ಪೆಟ್ಟಿಗೆ ಬಿರುಕುಬಿಟ್ಟದ್ದೂ ಸುದ್ದಿಯಾಯಿತು. ‘ಸಹೋದರ’ ಎಂಬ ಪದದ ಬಗ್ಗೆ ನಮ್ಮ ಮತ್ತು ಪ್ರಾಟೆಸ್ಟೆಂಟ್ ಬಾಂಧವರ ನಡುವಿನ ಹಳೆಯ ಚರ್ಚೆಯೂ ಮರುಜೀವ ಪಡೆಯಿತು. 2003ರಲ್ಲಿ ಇಸ್ರೇಲಿನ ಪುರಾತತ್ವ ಪ್ರಾಧಿಕಾರದ ಸಮಿತಿ, ಪೆಟ್ಟಿಗೆ ಹಳೆಯದು, ಬರಹ ಕೃತಕ ಎಂದಿತು. ಒಡೆಯನಾದ ಓದೆದ್ ಗೋಲನ್ ಮೇಲೆ ಮೊಕದ್ದಮೆ ಹೂಡಲಾಯಿತು. ವರ್ಷಗಟ್ಟಲೆ ವಿಚಾರಣೆ ನಡೆದು, ತಜ್ಞರ ವಿರುದ್ಧ ತಜ್ಞರು ಸಾಕ್ಷಿ ನುಡಿದು, 2012ರಲ್ಲಿ ನಕಲಿ ಸೃಷ್ಟಿಯ ಆರೋಪ ರುಜುವಾತಾಗದೆ ಆತ ಬಿಡುಗಡೆಯಾದರು. ಇದರಿಂದ ಬರಹ ಅಸಲಿಯೆಂದು ಸಿದ್ಧವಾಗುವುದಿಲ್ಲ ಎಂದು ನ್ಯಾಯಾಧೀಶರು ಅದೇ ತೀರ್ಪಿನಲ್ಲಿ ಸ್ಪಷ್ಟಪಡಿಸಿದರು.

ಇಷ್ಟೆಲ್ಲ ತೊಡಕಿಗೆ ಮೂಲ ಒಂದೇ. ಆ ಪೆಟ್ಟಿಗೆ ಉತ್ಖನನದಲ್ಲಿ ಸಿಕ್ಕಿದ್ದಲ್ಲ, ಹಳೆಯ ವಸ್ತುಗಳ ಮಾರುಕಟ್ಟೆಯಿಂದ ಬಂದದ್ದು. ಯಾವ ಗವಿಯಲ್ಲಿತ್ತು, ಅಕ್ಕಪಕ್ಕದಲ್ಲಿ ಯಾರ ಎಲುಬುಗಳಿದ್ದವು ಎಂಬುದನ್ನು ಹೇಳಬಲ್ಲ ಗುರುತುಗಳು ಅದರ ಸಂಗಡ ಬರಲಿಲ್ಲ. ಗವಿಯನ್ನು ತೆರೆದ ಮೊದಲ ಕೈ ಸಾಕ್ಷಿಯನ್ನೂ ಅಳಿಸಿತ್ತು.

ತೂರಿನ್ ನಗರದ ಶವವಸ್ತ್ರದ ವಿಷಯದಲ್ಲಿ ಧರ್ಮಸಭೆ ನಡೆದುಕೊಂಡ ರೀತಿ ನಮಗೆ ಹೆಚ್ಚು ಮೆಚ್ಚುಗೆಯಾಗಿದೆ. 1988ರಲ್ಲಿ ಮೂರು ಪ್ರಯೋಗಾಲಯಗಳು ಅದರ ತುಣುಕುಗಳನ್ನು ಪರೀಕ್ಷಿಸಿ, ಬಟ್ಟೆ 1260ರಿಂದ 1390ರ ನಡುವಿನದು ಎಂದಾಗ, ಆ ಫಲಿತಾಂಶವನ್ನು ಜಗತ್ತಿಗೆ ತಿಳಿಸಿದವರು ತೂರಿನ್ನಿನ ಕಾರ್ಡಿನಲ್ ಬಲ್ಲೆಸ್ಟ್ರೆರೊ ಅವರೇ. ಮಾದರಿ ತೆಗೆದ ಜಾಗ ಸರಿಯಿಲ್ಲವೆಂದು ವಾದಿಸುವವರು ಈಗಲೂ ಇದ್ದಾರೆ. ಇಂಥ ಪ್ರಶ್ನೆಗಳಲ್ಲಿ ತೀರ್ಪು ಕೊಡುವುದು ಧರ್ಮಸಭೆಯ ಅಧಿಕಾರಕ್ಕೆ ಸೇರಿದ್ದಲ್ಲ, ಅದು ವಿಜ್ಞಾನಿಗಳ ಕೆಲಸ ಎಂದು ಜಗದ್ಗುರು ಎರಡನೆಯ ಜಾನ್ ಪೌಲರು 1998ರಲ್ಲಿ ಅಲ್ಲಿಯೇ ಹೇಳಿದರು. ಇನ್ನು ಯೇಸುಸ್ವಾಮಿ ಲಡಾಖಿನಲ್ಲಿ ಕಲಿತರೆಂಬ ಕಥೆ 1894ರಲ್ಲಿ ನೊತೊವಿಚ್ ಎಂಬ ರಷ್ಯನ್ ಪ್ರವಾಸಿ ಬರೆದ ಪುಸ್ತಕದ್ದು. ಮರುವರ್ಷವೇ ಆಗ್ರಾದ ಕಾಲೇಜಿನ ಅಧ್ಯಾಪಕರೊಬ್ಬರು ಹೆಮಿಸ್ ಮಠಕ್ಕೆ ಹೋಗಿ ವಿಚಾರಿಸಲಾಗಿ, ಅಂಥ ಗ್ರಂಥವೇ ಇಲ್ಲವೆಂದು ಮಠಾಧಿಪತಿ ಹೇಳಿದರು. ನೂರಮೂವತ್ತು ವರ್ಷ ಹಳಸಿದ ಈ ಸರಕು ಇಂದು ಹೊಸ ಸಂಶೋಧನೆಯ ವೇಷದಲ್ಲಿ ಮನೆಮನೆಗೆ ಬರುತ್ತಿದೆ.

ಸಿಕ್ಕ ಸ್ಥಳ ಖಚಿತವಿದ್ದಾಗ ವಾದ ಎಷ್ಟು ಘನವಾಗಿ ನಡೆಯಬಲ್ಲದೆಂಬುದಕ್ಕೂ ನಮ್ಮಲ್ಲಿ ಉದಾಹರಣೆಯುಂಟು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಂಗ್ಲರು ಅಗೆದಾಗ, ಯೇಸುವಿನ ವಚನಗಳಿದ್ದ ಪುರಾತನ ಪತ್ರವೊಂದು ಸಿಕ್ಕಿ 1897ರಲ್ಲಿ ಪ್ರಕಟವಾಯಿತು. ಅದೇ ದಿಬ್ಬಗಳಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ ಭಾರತದ ಅರಸನೊಬ್ಬ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾನೆ. ಅದು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಷ್ 1904ರಲ್ಲಿ ಸೂಚಿಸಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಇದರ ಬೆನ್ನು ಹತ್ತಿದರು. ಲಂಡನ್ನಿನ ಬಾರ್ನೆಟ್ 1926ರಲ್ಲಿ ಇದನ್ನು ಬಲವಾಗಿ ಖಂಡಿಸಿದರು. ಅದು ಕನ್ನಡವೇ ಆಗಿರಲೆಂದು ನಮ್ಮ ಮನಸ್ಸೂ ಹಾರೈಸುತ್ತದೆ, ಹಾರೈಕೆ ಪ್ರಮಾಣವಲ್ಲ. ಆದರೆ ಪತ್ರ ನಕಲಿಯೆಂದು ಯಾರೂ ಹೇಳಲಿಲ್ಲ, ಏಕೆಂದರೆ ಅದು ಎಲ್ಲಿಂದ ಬಂತೆಂಬುದು ಗೊತ್ತಿತ್ತು.

ಈಗ ನಮ್ಮ ಹಳ್ಳಿಗಳ ಕಡೆ ತಿರುಗೋಣ. ಪಾಳುಗುಡಿಯ ಗರ್ಭಗುಡಿಯನ್ನು ಅಮಾವಾಸ್ಯೆಯ ರಾತ್ರಿ ಅಗೆಯುವುದು, ವೀರಗಲ್ಲು ಮಾಸ್ತಿಗಲ್ಲುಗಳನ್ನು ಬುಡಮೇಲು ಮಾಡುವುದು, ನಂದಿಯ ಹೊಟ್ಟೆಯಲ್ಲಿ ವಜ್ರವಿದೆಯೆಂದು ಒಡೆಯುವುದು ನಾಡಿನಲ್ಲಿ ಹೊಸದಲ್ಲ. ವೀರಗಲ್ಲಿನ ಕೆಳಗೆ ನಿಧಿ ಇರುವುದಿಲ್ಲ. ಅದು ದನ ಬಿಡಿಸಲು, ಊರು ಕಾಯಲು ಹೋರಾಡಿ ಮಡಿದವನ ಸ್ಮಾರಕ. ಇದರ ಜೊತೆಗೆ ‘ರೈಸ್ ಪುಲ್ಲಿಂಗ್’ ಎಂಬ ಮೋಸ. ಅಕ್ಕಿಕಾಳನ್ನು ತನ್ನತ್ತ ಸೆಳೆಯುವ, ಸಿಡಿಲು ಬಡಿದ ಪುರಾತನ ತಾಮ್ರದ ಚೊಂಬಿದೆ, ಅದರಲ್ಲಿ ಇರಿಡಿಯಂ ಇದೆ, ವಿದೇಶದವರು ಕೋಟಿಗಟ್ಟಲೆ ಕೊಡುತ್ತಾರೆ, ಅದಕ್ಕೆ ಮುನ್ನ ಪರೀಕ್ಷೆಯ ಖರ್ಚಿಗೆ ಕೆಲವು ಲಕ್ಷ ಬೇಕು ಎಂದು ಬರುವ ವಂಚಕರ ಸುದ್ದಿ ರಾಜ್ಯದ ಪೊಲೀಸ್ ಠಾಣೆಗಳಿಗೆ ಹೊಸತಲ್ಲ. ಮಗಳ ಮದುವೆಗೆಂದು ಕೂಡಿಟ್ಟ ಹಣ, ತಂಬಾಕಿನ ಬೆಳೆಯಿಂದ ಬಂದ ಹಣ ಇಂಥಲ್ಲಿ ಕರಗಿದರೆ ಕೇಳುವವರಿಲ್ಲ. ಕಳೆದುಕೊಂಡವರು ನಾಚಿಕೆಯಿಂದ ಬಾಯಿ ಬಿಡುವುದೂ ಕಷ್ಟ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾನೂನಾಗಿದೆ, ಕರ್ನಾಟಕಕ್ಕೆ 1962ರ ತನ್ನದೇ ಕಾಯಿದೆಯಿದೆ, ಮುಚ್ಚಿಡುವುದು ಅಪರಾಧ.

ಕೃಷ್ಣರಾಜನಗರ ತಾಲೂಕಿನ ಡೋರನಹಳ್ಳಿಯನ್ನು ನೆನೆಯದೆ ಈ ವಿಷಯ ಮುಗಿಯದು. ಸುಮಾರು 200 ವರ್ಷಗಳ ಹಿಂದೆ ರೈತನೊಬ್ಬನ ನೇಗಿಲಿಗೆ ಮರದ ಪ್ರತಿಮೆಯೊಂದು ಸಿಕ್ಕಿತೆಂದೂ, ಗೊಂಬೆಯೆಂದು ಮಕ್ಕಳ ಆಟಕ್ಕೆ ಕೊಟ್ಟನೆಂದೂ, ಸನ್ಯಾಸಿಯೊಬ್ಬರು ಕನಸಿನಲ್ಲಿ ಕಾಣಿಸಿಕೊಂಡು ಗೌರವಿಸೆಂದರೆಂದೂ, ಅದು ಪಾದುವಾದ ಸಂತ ಅಂತೋಣಿಯವರ ಪ್ರತಿಮೆಯೆಂದು ಅನಂತರ ತಿಳಿಯಿತೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. 2019ರಲ್ಲಿ ಆ ದೇವಾಲಯ ಬಸಿಲಿಕಾ ಪದವಿಗೇರಿತು. ಪ್ರತಿಮೆ ಸಾವಿರ ವರ್ಷದ್ದೆಂದು ಹೊಗಳುವ ಅತ್ಯುತ್ಸಾಹಿಗಳನ್ನು ಕಂಡರೆ ನಮಗೆ ಮುಜುಗರವಾಗುತ್ತದೆ. ಸಂತರು ತೀರಿಕೊಂಡದ್ದೇ 1231ರಲ್ಲಿ. ಉಳುವ ಹೊಲದ ತೇವದಲ್ಲಿ ಮರ ಶತಮಾನಗಟ್ಟಲೆ ಉಳಿಯುವುದೂ ಅಪರೂಪ. ಮೈಸೂರು ಸೀಮೆಗೆ ಯೇಸುಸಭೆಯ ಚಿನ್ನಾಮಿ ಗುರುಗಳು ಹದಿನೇಳನೆಯ ಶತಮಾನದ ನಡುವಿನಲ್ಲೇ ಬಂದಿದ್ದರು. 1784ರಲ್ಲಿ ಕರಾವಳಿಯ ಕಥೋಲಿಕರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಬಂದರು. ಗುರುಗಳೋ ಭಕ್ತರೋ ಯಾರೋ ಬಚ್ಚಿಟ್ಟದ್ದು ಅಥವಾ ಬೀಳಿಸಿಕೊಂಡದ್ದು ನೇಗಿಲಿಗೆ ಸಿಕ್ಕಿರಬಹುದೆಂಬುದು ನಮ್ಮ ಊಹೆ. ಜೂನ್ 13ರ ಹಬ್ಬಕ್ಕೆ ಜಾತಿ ಮತ ನೋಡದೆ ಬರುವ ಜನ ಪ್ರತಿಮೆಯ ವಯಸ್ಸನ್ನು ಕೇಳಿಕೊಂಡು ಬರುವವರಲ್ಲ.

ಉಳುವಾಗ, ಪಾಯ ತೆಗೆಯುವಾಗ, ಕೆರೆಯ ಹೂಳೆತ್ತುವಾಗ ಇಂದಿಗೂ ಏನಾದರೂ ಸಿಗುತ್ತದೆ. ಸಿಕ್ಕಿದ್ದನ್ನು ತೊಳೆಯದೆ, ಎತ್ತದೆ, ಇದ್ದಂತೆಯೇ ಚಿತ್ರ ತೆಗೆದು, ಸರ್ವೆ ನಂಬರು ಬರೆದು ತಹಶೀಲ್ದಾರರಿಗೆ ತಿಳಿಸಬೇಕು; ರಾಜ್ಯದ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಇನ್ನೊಂದು ಕೆಲಸವನ್ನು ನಮ್ಮ ಧರ್ಮಕೇಂದ್ರಗಳ ಯುವಕ ಯುವತಿಯರು ಮಾಡಬಹುದು. ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ ಸೀಮೆಯ ಶಾಸನಗಳನ್ನು ರೈಸ್ ಮತ್ತು ಅವರ ಪಂಡಿತರು ಹಳ್ಳಿಹಳ್ಳಿ ತಿರುಗಿ ಅಚ್ಚೆತ್ತಿ 1898ರ ಸಂಪುಟದಲ್ಲಿ ಕೊಟ್ಟಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳೂ 1970ರ ದಶಕದಿಂದ ಬಂದಿವೆ. ಪ್ರತಿ ಕಲ್ಲು ಎಲ್ಲಿದೆಯೆಂದು ಅಲ್ಲಿ ಬರೆದಿದೆ. ಈ ಬೇಸಿಗೆ ರಜೆಯಲ್ಲಿ ತಮ್ಮ ತಮ್ಮ ಊರಿನ ಪುಟಗಳನ್ನು ನಕಲು ಮಾಡಿಕೊಂಡು ಹೋಗಿ, ಯಾವ ಕಲ್ಲು ಇದ್ದಲ್ಲೇ ಇದೆ, ಯಾವುದು ಬಟ್ಟೆ ಒಗೆಯುವ ಚಪ್ಪಡಿಯಾಗಿದೆ, ಯಾವುದು ಕಾಣೆಯಾಗಿದೆ ಎಂದು ಗುರುತು ಹಾಕಿಕೊಂಡು ಬಂದರೆ, ಆ ಪಟ್ಟಿಯನ್ನು ಇಲಾಖೆಗೂ ಕೊಡಬಹುದು, ಈ ಅಂಕಣದಲ್ಲೂ ಊರಿನ ಹೆಸರಿನೊಡನೆ ಪ್ರಕಟಿಸುತ್ತೇವೆ.